ಕಿರುನಾಗೆ ಹೋಗಿ ತರಂಗ ಕೇಳಿ ಬಂದದ್ದು

ಶಿರಾ ಗೇಟ್

ಸ್ವೀಡನ್ನಿಗೆ ಹೋಗಿ ಬಂದೆ ಅಂದರೆ ನಮ್ಮ ಕಡೆಯವರು ಮೊದಲು ಚಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ ಊಟದ ಬಗ್ಗೆ. ಯಾಕೆ ಹೋಗಿದ್ದೆ ಅಂತ ಕೇಳುವವರು ಕಡಿಮೆ. ಕೇಳಿದವರಿಗೆ, "ರೇಡಿಯೋ ತರಂಗದ ಜಾಗಕ್ಕೆ ತಕರಾರು ಬಂದಿತ್ತು, ಇತ್ಯರ್ಥ ಮಾಡ್ಕೊಂಡ್ ಬಂದ್ವಿ" ಅನ್ನುತ್ತೇನೆ. ಸಿ.ಎಸ್. ಪುರದ ನಮ್ಮ ಚಿಕ್ಕಪ್ಪ ಅದನ್ನು ಹೊಲದ ಬದುವಿನ ವ್ಯಾಜ್ಯ ಎಂದೇ ತಿಳಿದು, "ಸರ್ವೆಯವ್ರನ್ನ ಜೊತೇಲಿ ಕರ್ಕೊಂಡ್ ಹೋಗಿದ್ಯೇನವ್ವ?" ಅಂದರು. ಅವರು ತಿಳಿದದ್ದು ತೀರಾ ತಪ್ಪೇನಲ್ಲ.

ನಾನು ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ನಮ್ಮ ವಿಭಾಗದವರು ಸೇರಿ ಒಂದು ಪುಟ್ಟ ಉಪಗ್ರಹ ಕಟ್ಟಿದ್ದೆವು. ಎರಡು ಇಟ್ಟಿಗೆ ಜೋಡಿಸಿಟ್ಟರೆ ಎಷ್ಟಿರುತ್ತದೋ ಅಷ್ಟು. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಕೆರೆಗಳಲ್ಲಿ ನೀರು ಎಷ್ಟಿದೆ, ಜೊಂಡು ಎಷ್ಟು ಹಬ್ಬಿದೆ ಅಂತ ಮೇಲಿನಿಂದ ಫೋಟೋ ತೆಗೆಯುವುದು ಅದರ ಕೆಲಸ. ಕಟ್ಟಿದ್ದೇ ದೊಡ್ಡದು ಅಂದುಕೊಂಡಿದ್ದೆವು. ಅದಕ್ಕಿಂತ ದೊಡ್ಡ ಕೆಲಸ ಅದಕ್ಕೆ ಮಾತಾಡಲು ಜಾಗ ಹುಡುಕುವುದು ಅಂತ ಆಮೇಲೆ ಗೊತ್ತಾಯಿತು.

ಆಕಾಶ ಖಾಲಿ ಕಾಣುತ್ತದೆಯೇ ಹೊರತು ಖಾಲಿ ಇಲ್ಲ. ಪೊಲೀಸರ ವೈರ್‌ಲೆಸ್ಸಿಗೆ ಇಷ್ಟು, ಮೊಬೈಲಿಗೆ ಇಷ್ಟು, ಹವಾಮಾನದ ಬಲೂನಿಗೆ ಇಷ್ಟು ಅಂತ ತರಂಗಗಳನ್ನು ಮೊದಲೇ ಹಂಚಿಟ್ಟಿರುತ್ತಾರೆ. ನಮಗೆ ಮೂರು ಬೇಕಿತ್ತು. ನಾವು ಅದಕ್ಕೆ ಹೇಳುವ ಮಾತಿಗೆ ಒಂದು, ಅದು ಕಳಿಸುವ ಫೋಟೋಗೆ ಒಂದು, ಮತ್ತೆ ಅದು "ನಾನು ಇದೀನಿ, ಚೆನ್ನಾಗಿದೀನಿ" ಅಂತ ನಿಮಿಷಕ್ಕೊಮ್ಮೆ ಕೂಗಿ ಹೇಳುವುದಕ್ಕೆ ಒಂದು. ಹವ್ಯಾಸಿ ರೇಡಿಯೋದವರ ಜಾಗ ಸಿಕ್ಕೀತು ಅಂದುಕೊಂಡರೆ, ನಿಮ್ಮದು ಹವ್ಯಾಸವಲ್ಲ, ಭೂಮಿ ನೋಡುವ ಕೆಲಸ ಅಂತ ಅಲ್ಲಿಂದ ಎಬ್ಬಿಸಿದರು. ಮೊದಲೆರಡು ತರಂಗ ಹೇಗೋ ಸಿಕ್ಕವು. ಮೂರನೆಯದನ್ನು ನಾನೂರು ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಆರಿಸಿ ಅರ್ಜಿ ಹಾಕಿದೆವು. ಅಲ್ಲೇ ಬಂತು ತಕರಾರು. ಸ್ವೀಡನ್ನಿನ ಉತ್ತರದ ತುದಿಯಲ್ಲಿರುವ ಕಿರುನಾ ಊರಿನ ಒಂದು ತಂಡ ಅದೇ ತರಂಗಕ್ಕೆ ನಮಗಿಂತ ಮೊದಲೇ ಅರ್ಜಿ ಹಾಕಿತ್ತು. ಅವರ ಉಪಗ್ರಹ ಹಿಮ ಕರಗುವುದನ್ನು ಅಳೆಯುತ್ತಿತ್ತು. ಎರಡೂ ಒಟ್ಟಿಗೆ ಅವರ ತಲೆಯ ಮೇಲೆ ಬಂದರೆ ನಮ್ಮದರ ಕೂಗಿನಲ್ಲಿ ಅವರದು ಕೇಳಿಸುವುದಿಲ್ಲ. ಮೊದಲು ಬಂದವರು ಅವರು, ಹಕ್ಕೂ ಅವರದೇ.

ತಿಂಗಳುಗಟ್ಟಲೆ ಇಮೇಲ್ ಓಡಾಡಿದವು. ಒಂದಕ್ಕಿಂತ ಒಂದು ವಿನಯದ ಪತ್ರ, ಒಂದರಿಂದಲೂ ಕೆಲಸವಾಗಲಿಲ್ಲ. ಈ ನಡುವೆ ನಮ್ಮ ಉಪಗ್ರಹವನ್ನು ಹಾರಿಸಬೇಕಿದ್ದ ರಾಕೆಟ್ಟಿನವರು, ತಿಂಗಳ ಕೊನೆಯೊಳಗೆ ಒಪ್ಪಿಗೆ ಪತ್ರ ತೋರಿಸದಿದ್ದರೆ ನಿಮ್ಮ ಸೀಟು ಬೇರೆಯವರಿಗೆ ಅಂದರು. ಆಗ ತರಂಗ ಹಂಚುವ ಇಲಾಖೆಯ ದೆಹಲಿಯ ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳಿದರು: "ಎದುರಿಗೆ ಹೋಗಿ ಕೂತ್ಕೊಳ್ಳಿ ಮೇಡಂ. ಕಾಗದದಲ್ಲಿ ಬಗೆಹರಿಯದ್ದು ಕಾಫಿ ಜೊತೆ ಬಗೆಹರಿಯುತ್ತೆ."

ನನ್ನ ಜೊತೆ ಹೊರಟವರು ನಮ್ಮ ಲ್ಯಾಬಿನ ರಂಗಸ್ವಾಮಿ. ಕುಣಿಗಲ್ ಕಡೆಯವರು, ನಿವೃತ್ತಿಗೆ ಕೆಲವೇ ತಿಂಗಳಿತ್ತು. ಪದವಿ ಇಲ್ಲ, ಆದರೆ ಗರಗರ ಸದ್ದಿನಲ್ಲಿ ಯಾವುದು ಟ್ರಾನ್ಸ್‌ಫಾರ್ಮರ್, ಯಾವುದು ಮಿಕ್ಸಿ ಅಂತ ಕಿವಿಯಲ್ಲೇ ಹೇಳುವ ಮನುಷ್ಯ. ಉಪಗ್ರಹದ ದನಿ ಹಿಡಿಯುವ ಆಂಟೆನಾವನ್ನು ಮೊದಲು ತುಮಕೂರಿನ ಗಿಜಿಗುಡುವ ಶಿರಾ ಗೇಟಿನ ಹತ್ತಿರ ಒಂದು ಕಟ್ಟಡದ ಮೇಲೆ ಇಟ್ಟು ನೋಡಿದ್ದೆವು. ಅಂಗಡಿಗಳ ಮಿನುಗುವ ಬೋರ್ಡು, ಬಸ್ಸು, ವೆಲ್ಡಿಂಗು ಎಲ್ಲ ಸೇರಿ ರೇಡಿಯೋದಲ್ಲಿ ಜೇನುಗೂಡು ಕೆದಕಿದ ಹಾಗೆ ಸದ್ದು. "ಇಲ್ಲಿ ನಮ್ ಮಾತೇ ನಮ್ಗೆ ಕೇಳಾಕಿಲ್ಲ, ಗೂಳೂರ್ ಕಡೆ ಹೋಗಣ ಬನ್ನಿ ಮೇಡಂ" ಅಂತ ಅದನ್ನು ಊರಾಚೆಯ ಗೂಳೂರಿನ ಬಯಲಿಗೆ ಸಾಗಿಸಿದವರು ಅವರೇ.

ವಿಮಾನ ನಿಲ್ದಾಣ, ಸ್ಟಾಕ್‌ಹೋಮ್

ಸ್ಟಾಕ್‌ಹೋಮಿನಲ್ಲಿ ವಿಮಾನ ಬದಲಿಸುವಾಗ ರಂಗಸ್ವಾಮಿಯವರ ಚೀಲ ತಡೆದರು. ಒಳಗೆ ಪಿ.ವಿ.ಸಿ. ಪೈಪಿನ ತುಂಡುಗಳು, ಅಳತೆಯ ಟೇಪಿನ ಹಳದಿ ಪಟ್ಟಿಗಳು, ಒಂದಿಷ್ಟು ವೈರು. ನೋಡಿದರೆ ನನಗೇ ಭಯವಾಯಿತು.

"ಇದೇನು?" ಅಂದಳು ಅಧಿಕಾರಿ ಹುಡುಗಿ.

"ಟೇಪ್," ಅಂದರು ರಂಗಸ್ವಾಮಿ.

"ಆಂಟೆನಾ," ಅಂದೆ ನಾನು, ಅದೇ ಹೊತ್ತಿಗೆ.

ಅವಳು ಇಬ್ಬರನ್ನೂ ನೋಡಿದಳು. ಎರಡೂ ನಿಜವಾಗಿತ್ತು. ಅಳತೆಯ ಟೇಪು ಕತ್ತರಿಸಿ ಮಾಡಿದ, ಮಡಚಿ ಚೀಲದಲ್ಲಿಡಬಹುದಾದ ಆಂಟೆನಾ ಅದು. ನನಗೆ ಇಂಗ್ಲಿಷಿನಲ್ಲಿ ವಿವರಿಸಲು ಬಾಯಿ ಬರುವುದರೊಳಗೆ ರಂಗಸ್ವಾಮಿ ಅಲ್ಲೇ ಪೈಪು ಜೋಡಿಸಿ, ಪಟ್ಟಿ ಸಿಕ್ಕಿಸಿ, ಮೀನಿನ ಮುಳ್ಳಿನಂಥ ಆಂಟೆನಾ ಎತ್ತಿ ಹಿಡಿದರು. ಹಿಂದೆ ನಿಂತ ಸಾಲಿನವರು ಯಾರೂ ಗೊಣಗಲಿಲ್ಲ, ನಗಲೂ ಇಲ್ಲ, ಗಂಭೀರವಾಗಿ ನೋಡಿದರು. ಹುಡುಗಿ ಟೇಪಿನ ಮೇಲಿನ ಅಂಕಿ ಓದಿ, "ಇದು ಇಂಚಿನಲ್ಲಿದೆ, ನಮ್ಮಲ್ಲಿ ಸೆಂಟಿಮೀಟರ್" ಅಂತ ಹೇಳಿ ಬಿಟ್ಟುಕಳಿಸಿದಳು. ಅದು ತಮಾಷೆಯೋ ಎಚ್ಚರಿಕೆಯೋ ಈಗಲೂ ತಿಳಿಯದು.

ಕಿರುನಾ, ಮೊದಲ ದಿನ

ಜೂನ್ ತಿಂಗಳಲ್ಲಿ ಕಿರುನಾದಲ್ಲಿ ಸೂರ್ಯ ಮುಳುಗುವುದಿಲ್ಲ. ರಂಗಸ್ವಾಮಿ ಇದನ್ನು ಮನಸ್ಸಿಗೆ ಹಚ್ಚಿಕೊಂಡರು. ಸಂಜೆಯ ಸಂಧ್ಯಾವಂದನೆ ಯಾವಾಗ ಮಾಡುವುದು ಅಂತಲ್ಲ, ಅವರಿಗೆ ಆ ಅಭ್ಯಾಸ ಇಲ್ಲ. ಊಟ ಯಾವಾಗ ಮಾಡುವುದು ಅಂತ. "ಕತ್ಲಾಗ್ದೆ ಹೊಟ್ಟೆ ಹಸಿಯಾಕಿಲ್ಲ ಮೇಡಂ" ಅನ್ನುತ್ತಲೇ ತಾವು ತಂದಿದ್ದ ಹುರಿಗಾಳನ್ನು ಎರಡು ದಿನದಲ್ಲಿ ಖಾಲಿ ಮಾಡಿದರು.

ಊರೇ ಒಂದು ವಿಚಿತ್ರ. ಕೆಳಗೆ ಕಬ್ಬಿಣದ ಗಣಿ ತೋಡುತ್ತಾ ಹೋಗಿ ನೆಲ ಕುಸಿಯುತ್ತದೆ ಅಂತ ಊರನ್ನೇ ಒಂದಷ್ಟು ದೂರಕ್ಕೆ ಸಾಗಿಸುತ್ತಿದ್ದಾರೆ. ಮರದ ಮನೆಗಳನ್ನು ಬುಡಸಮೇತ ಎತ್ತಿ, ಲಾರಿಯ ಮೇಲಿಟ್ಟು ತಂದು ಇಳಿಸುತ್ತಾರಂತೆ. ಕಿಟಕಿಯ ಗಾಜು ಒಡೆಯುವುದಿಲ್ಲವಂತೆ. ನಮ್ಮಲ್ಲಿ ರಸ್ತೆ ಅಗಲ ಮಾಡಲು ಒಂದು ಅಂಗಡಿಯ ಜಗಲಿ ಒಡೆಯುವಾಗ ಆಗುವ ಕೂಗಾಟ ನೆನೆದು ನಾವಿಬ್ಬರೂ ನಕ್ಕೆವು. ಇಲ್ಲಿ ಒಂದು ಊರು ಸದ್ದಿಲ್ಲದೆ ಜಾಗ ಬದಲಿಸುತ್ತಿತ್ತು. ಸದ್ದಿದ್ದುದು ಸೊಳ್ಳೆಗೆ ಮಾತ್ರ. "ನಮ್ ತುಮಕೂರ್ ಸೊಳ್ಳೆಗಳು ಇವುಕ್ಕೆ ಮೊಮ್ಮಕ್ಕಳಾಗ್ಬೇಕು" ಅಂತ ರಂಗಸ್ವಾಮಿ ಕೆನ್ನೆಗೆ ಹೊಡೆದುಕೊಂಡರು.

ನಮಗಾಗಿ ಕಾದಿದ್ದವರು ಇಂಗ್ರಿಡ್. ಆ ತಂಡದ ಮುಖ್ಯಸ್ಥೆ, ಅರವತ್ತರ ಹತ್ತಿರ ವಯಸ್ಸು, ಬೆಳ್ಳಿ ಕೂದಲು, ಮಾತು ಕಡಿಮೆ. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಕಚೇರಿಯ ಬಾಗಿಲಲ್ಲೇ ಚಪ್ಪಲಿ, ಬೂಟು ಬಿಡಬೇಕು ಅಂದಾಗ ನನಗೆ ಮನೆಗೆ ಬಂದಂತಾಯಿತು. ರಂಗಸ್ವಾಮಿಯವರಿಗೆ ಹಾಗಾಗಲಿಲ್ಲ. ಬಲಗಾಲಿನ ಸಾಕ್ಸಿನಿಂದ ಹೆಬ್ಬೆರಳು ಪೂರ್ತಿ ಹೊರಗೆ ಬಂದಿತ್ತು. ಸಭೆಯುದ್ದಕ್ಕೂ ಅವರು ಎಡಗಾಲನ್ನು ಅದರ ಮೇಲಿಟ್ಟುಕೊಂಡೇ ಕೂತಿದ್ದರು.

ನಾನು ಮಾತು ಶುರು ಮಾಡಿದೆ. "ನಿಮ್ಮ ಉತ್ತರದ ಕಡೆ ಬಂದಾಗ ನಮ್ಮ ಉಪಗ್ರಹ ಅರ್ಧ ಶಕ್ತಿಯಲ್ಲಷ್ಟೇ ಕೂಗುತ್ತೆ. ಆಗಬಹುದಾ?"

ಇಂಗ್ರಿಡ್ ಸಟ್ಟನೆ ಉಸಿರು ಒಳಕ್ಕೆಳೆದುಕೊಂಡರು. "ಶ್ಶುಪ್!"

ನಮ್ಮ ಕಡೆ ಬಿಸಿ ಪಾತ್ರೆ ಮುಟ್ಟಿದರೆ, ಯಾರಿಗೋ ಅಪಘಾತವಾಯಿತಂತೆ ಅಂದರೆ ಹೆಂಗಸರು ಹೀಗೆ ಉಸಿರೆಳೆದುಕೊಳ್ಳುತ್ತಾರೆ. ನಾನು ಹೆದರಿದೆ. ಇಷ್ಟು ಸಾಲದು ಅಂತ ಕಾಣುತ್ತೆ ಅಂದುಕೊಂಡು, "ಬೇಡ, ಉತ್ತರಕ್ಕೆ ಬಂದಾಗ ಪೂರ್ತಿ ಸುಮ್ಮನೆ ಇರುತ್ತೆ" ಅಂದೆ.

"ಶ್ಶುಪ್."

ತಿಂಗಳ ಕೊನೆ, ರಾಕೆಟ್ಟಿನ ಸೀಟು, ನಾಲ್ಕು ವರ್ಷದ ಕೆಲಸ ಎಲ್ಲ ಕಣ್ಣ ಮುಂದೆ ಬಂತು. ಬಾಯಿ ತಾನಾಗಿ ಹೇಳಿಬಿಟ್ಟಿತು: "ಆಯ್ತು. ನಾವು ಗೂಳೂರಿನಿಂದ ಕರೆದಾಗ ಮಾತ್ರ ಮಾತಾಡುತ್ತೆ. ಉಳಿದಂತೆ ಜಗತ್ತಿನ ಎಲ್ಲೂ ದನಿ ಎತ್ತಲ್ಲ."

ಇಂಗ್ರಿಡ್ ಈ ಸಲ ಎರಡು ಬಾರಿ ಉಸಿರೆಳೆದುಕೊಂಡರು, ಹುಬ್ಬೇರಿಸಿದರು, ಬರೆದುಕೊಂಡರು. ಅಷ್ಟರಲ್ಲಿ ಕಾಫಿಯ ಹೊತ್ತಾಯಿತು. ಅಲ್ಲಿ ಕಾಫಿಯ ಹೊತ್ತೆಂದರೆ ವಾಕ್ಯದ ಅರ್ಧದಲ್ಲಿದ್ದರೂ ಪೆನ್ನು ಕೆಳಗಿಟ್ಟು ಏಳುತ್ತಾರೆ. ಏಲಕ್ಕಿ ಹಾಕಿದ ಬನ್ನು ಕೊಟ್ಟರು. ಅದರ ರುಚಿ ನನಗೆ ತಿಳಿಯಲಿಲ್ಲ.

ಹೊರಡುವಾಗ ರಂಗಸ್ವಾಮಿ ಬಾಗಿಲಲ್ಲಿ ಕೂತು ಬೂಟು ಹಾಕಿಕೊಂಡರು. ಆಮೇಲೆ ಹೇಳಿದರು: "ಹುಟ್ಟೋ ಮಗೀಗೆ ಅಳಬ್ಯಾಡ ಅಂದಂಗಾಯ್ತಲ್ಲ ಮೇಡಂ."

ಅವರು ಹೇಳಿದ್ದು ಸರಿ. ರಾಕೆಟ್ಟಿನಿಂದ ಹೊರಬಿದ್ದ ಮೊದಲ ದಿನಗಳಲ್ಲಿ ಉಪಗ್ರಹ ಎಲ್ಲಿದೆ, ಬದುಕಿದೆಯೋ ಇಲ್ಲವೋ ಅಂತ ತಿಳಿಯುವುದೇ ಅದರ ಕೂಗಿನಿಂದ. ಅದು ಸುಮ್ಮನಿದ್ದು, ನಮ್ಮ ಕರೆಯೂ ಅದಕ್ಕೆ ಕೇಳದೆ ಹೋದರೆ ಹುಡುಕುವ ದಾರಿಯೇ ಇಲ್ಲ. ಅದರ ಪ್ರೋಗ್ರಾಮ್ ಬರೆದವಳು ಚೈತ್ರಾ, ಗುಬ್ಬಿಯವಳು, ನಮ್ಮಲ್ಲೇ ಕಿರಿಯ ಅಧ್ಯಾಪಕಿ. ಫೋನ್ ಮಾಡಿ ಹೇಳಿದೆ.

"ನೀವೇ ಹಂಗಂದ್ರಾ ಮೇಡಂ, ಇಲ್ಲಾ ಅವ್ರು ಕೇಳಿದ್ರಾ?"

"ನಾನೇ ಅಂದೆ ಕಣೇ."

"ಹೋಗ್ಲಿ ಬಿಡಿ. ಬೇಕಾದ್ರೆ ಹಂಗೇ ಬದ್ಲಾಯಿಸ್ತೀನಿ," ಅಂದಳು. ಬೈದಿದ್ದರೆ ವಾಸಿಯಿತ್ತು.

ಬೇಕರಿ

ಮರುದಿನ ಬೆಳಿಗ್ಗೆ ರಂಗಸ್ವಾಮಿ ಬ್ರೆಡ್ಡು ತರುತ್ತೇನೆ ಅಂತ ಹೋದವರು ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ. ಬೇಕರಿಯಲ್ಲಿ ಹತ್ತು ಜನ ಅಲ್ಲೊಬ್ಬರು ಇಲ್ಲೊಬ್ಬರು ನಿಂತಿದ್ದಾರೆ, ಸಾಲು ಇಲ್ಲ. ಇವರೊಬ್ಬರೇ ಗಲ್ಲಾದ ಎದುರಿಗೆ ನೆಟ್ಟಗೆ ನಿಂತಿದ್ದಾರೆ, ಇವರನ್ನು ಯಾರೂ ಕೇಳುತ್ತಿಲ್ಲ. ಬಾಗಿಲ ಬಳಿಯ ಪೆಟ್ಟಿಗೆಯಿಂದ ನಂಬರಿನ ಚೀಟಿ ಹರಿದುಕೊಳ್ಳಬೇಕು, ನಂಬರು ಕೂಗಿದಾಗ ಹೋಗಬೇಕು. ಅದು ಇವರಿಗೆ ಗೊತ್ತಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಟೋಕನ್ ಕೊಟ್ಟ ಮೇಲೂ ಬಾಗಿಲಿಗೆ ಮುತ್ತಿಕೊಳ್ಳುತ್ತೇವೆ. ಇಲ್ಲಿ ಚೀಟಿ ಜೇಬಿನಲ್ಲಿಟ್ಟುಕೊಂಡು ಗೋಡೆ ನೋಡುತ್ತಾ ನಿಲ್ಲುತ್ತಾರೆ.

ನಾನು ಚೀಟಿ ಹರಿದು ಕೊಡಲು ಹೋದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಮೇಡಂ, ಸುಮ್ನೆ ಕೇಳಿಸ್ಕಳ್ರಿ."

ಗಲ್ಲಾದ ಹೆಂಗಸು ಮುಂದಿದ್ದ ಮುದುಕನನ್ನು ಏನೋ ಕೇಳಿದಳು. ಮುದುಕ, "ಶ್ಶುಪ್." ಅವಳು ಬ್ರೆಡ್ಡನ್ನು ಕತ್ತರಿಸಿ ಚೀಲಕ್ಕೆ ಹಾಕಿದಳು. ಮತ್ತೇನೋ ಕೇಳಿದಳು. "ಶ್ಶುಪ್." ಇನ್ನೊಂದು ಚೀಲ ಬಂತು. ಮುದುಕ ನಿರಾಳವಾಗಿ ಹೊರಟುಹೋದ.

"ಆಗ್ಲಿಂದ ನೋಡ್ತಾ ಇದೀನಿ. ಉಸ್ರು ಒಳಿಕ್ಕೆ ಎಳ್ಕೊಂಡ್ರೆ ಇವ್ರಿಗೆ ಹೂಂ ಅಂತ. ಆಯಮ್ಮ ನಿನ್ನೆ ಮೊದಲ್ನೇ ಮಾತ್ಗೇ ಒಪ್ಕೊಂಬುಟ್ಟವ್ರೆ. ನೀವೇ ಕೊಡ್ತಾ ಕೊಡ್ತಾ ಹೋಗಿದ್ದು."

ನಾನು ನಂಬಲಿಲ್ಲ. ಹೋಟೆಲಿಗೆ ಓಡಿ ಬಂದು ಅಲ್ಲಿನ ಹೆಂಗಸನ್ನು ಕೇಳಿದೆ: "ತಿಂಡಿ ಮುಗಿದುಹೋಯಿತಾ?"

"ಶ್ಶುಪ್," ಅಂದಳು. ಒಳಗೆ ಹೋಗಿ ನೋಡಿದೆ. ಮುಗಿದುಹೋಗಿತ್ತು. ಜೀವನದಲ್ಲಿ ತಿಂಡಿ ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಸಂತೋಷ ಬೂಟು ಹಾಕಿಕೊಳ್ಳುವವರೆಗೆ ಮಾತ್ರ ಇತ್ತು. ನಾನೇ ಬಾಯಿಬಿಟ್ಟು ಕೊಟ್ಟದ್ದನ್ನು ವಾಪಸ್ ಕೇಳುವುದು ಹೇಗೆ? ಸ್ಟಾಫ್ ಮೀಟಿಂಗಿನಲ್ಲೂ ನನ್ನದು ಇದೇ ಕಥೆ. ಎದುರಿನವರ ಮುಖ ಸ್ವಲ್ಪ ಗಂಟಾದರೆ ಸಾಕು, ಭಾನುವಾರದ ಪರೀಕ್ಷೆ ಡ್ಯೂಟಿಯನ್ನು ನಾನೇ ವಹಿಸಿಕೊಂಡು ಬಂದಿರುತ್ತೇನೆ. ಮನೆಯಲ್ಲಿ ನನ್ನ ಗಂಡ ಇದನ್ನು ಆಡಿಕೊಳ್ಳದ ದಿನವಿಲ್ಲ. ಈ ಸಲ ಕೊಟ್ಟದ್ದು ನನ್ನ ಭಾನುವಾರವಲ್ಲ, ಬೇರೆಯವರ ನಾಲ್ಕು ವರ್ಷ.

ಕಿರುನಾ, ಎರಡನೇ ದಿನ

ರಂಗಸ್ವಾಮಿ ಹೊಸ ಸಾಕ್ಸು ಹಾಕಿಕೊಂಡು ಬಂದಿದ್ದರು. ನಾನು ಕೂತ ಕೂಡಲೇ ಹೇಳಿಬಿಟ್ಟೆ.

"ಇಂಗ್ರಿಡ್, ನಿನ್ನೆ ನೀವು ಹೂಂ ಅಂದಾಗಲೆಲ್ಲ ನಾನು ಅದನ್ನ ಅಯ್ಯೋ ಅಂತ ತಿಳ್ಕೊಂಡೆ."

ಅವರಿಗೆ ಅರ್ಥವಾಗಲಿಲ್ಲ. ನಾನು ಉಸಿರು ಎಳೆದು ತೋರಿಸಿದೆ. ನಮ್ಮೂರಲ್ಲಿ ಅದಕ್ಕೇನು ಅರ್ಥ ಅಂತ ಕಾಫಿಯ ಲೋಟ ಮುಟ್ಟಿ, ಕೈ ಸುಟ್ಟವಳಂತೆ ನಟಿಸಿದೆ. ಇಂಗ್ರಿಡ್ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಹಣೆಯನ್ನು ಮೇಜಿಗೆ ಆನಿಸಿ ನಗತೊಡಗಿದರು. ಸದ್ದೇ ಇಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು.

"ನಾನು ಮೊದಲನೇ ಮಾತಿಗೇ ಒಪ್ಪಿದ್ದೆ," ಅಂದರು ಕಣ್ಣೊರೆಸಿಕೊಂಡು. "ಒಪ್ಪಿದ ಮೇಲೂ ನೀವು ಕೊಡುತ್ತಲೇ ಹೋದಿರಿ. ಭಾರತದಲ್ಲಿ ಅದು ಮರ್ಯಾದೆ ಇರಬೇಕು, ಬೇಡ ಅಂದರೆ ತಪ್ಪಾಗುತ್ತೆ ಅಂದುಕೊಂಡೆ."

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಅವರ ಮುಖ ಗಂಭೀರವಾಯಿತು. ನಮ್ಮ ಕೊನೆಯ ಮಾತನ್ನು ಅವರು ನಿನ್ನೆಯೇ ತಮ್ಮ ತಂಡಕ್ಕೆ ಬರೆದು ಕಳಿಸಿದ್ದರು. ತಂಡದವರಿಗೆ ಬಹಳ ಹಿಡಿಸಿತ್ತು. ಪೂರ್ತಿ ಮೌನ ಸಿಕ್ಕಿದ ಮೇಲೆ ಅರ್ಧ ಶಕ್ತಿಯ ಕೂಗಿಗೆ ಅವರು ಯಾಕೆ ಒಪ್ಪುತ್ತಾರೆ? "ನನಗೆ ನಿಮ್ಮ ಕಷ್ಟ ಗೊತ್ತಾಗುತ್ತೆ ಪದ್ಮಾ. ಆದರೆ ನಾನೊಬ್ಬಳೇ ತೀರ್ಮಾನ ಮಾಡುವಂತಿಲ್ಲ. ಅವರಿಗೆ ಏನಾದರೂ ಕಾರಣ ಕೊಡಬೇಕಲ್ಲ?"

ಕೋಣೆ ಸುಮ್ಮನಾಯಿತು. ಅಲ್ಲಿನ ಮೌನ ನಮ್ಮ ಮೌನದ ಹಾಗಲ್ಲ. ನಮ್ಮಲ್ಲಿ ಯಾರಾದರೂ ಕೆಮ್ಮುತ್ತಾರೆ, ಕುರ್ಚಿ ಎಳೆಯುತ್ತಾರೆ. ಇಲ್ಲಿ ಗಡಿಯಾರವೂ ಮೆಲ್ಲಗೆ ನಡೆಯುತ್ತದೆ. ನನ್ನ ನಾಲಿಗೆಯ ತುದಿಗೆ ಮತ್ತೇನನ್ನೋ ಕೊಡುವ ಮಾತು ಬಂದಿತ್ತು. ತುಟಿ ಕಚ್ಚಿಕೊಂಡು ಕೂತೆ.

ಗೋಡೆಯ ಮೇಲೆ ಒಂದು ನಕ್ಷೆ ಇತ್ತು. ಅವರ ಉಪಗ್ರಹದ ದಾರಿ ಅದರಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸುತ್ತಿಕೊಂಡು ಹೋಗಿತ್ತು. ರಂಗಸ್ವಾಮಿ ಎದ್ದು ಅದರ ಮುಂದೆ ನಿಂತರು. ಬೆರಳಿನಿಂದ ಗೆರೆ ಹಿಡಿದು ಕೆಳಗಿಳಿಯುತ್ತಾ ಬಂದರು.

"ಮೇಡಂ, ಆಯಮ್ಮನ ರೇಡಿಯೋ ನಮ್ ತರಂಗಕ್ಕೇ ಅಲ್ವಾ ತಿರುಗ್ಸಿರೋದು? ಹಂಗಾದ್ರೆ ನಮ್ದು ಕೂಗಿದ್ರೆ ಅವ್ರಿಗೂ ಕೇಳುಸ್ತದೆ."

"ಅದೇ ಅಲ್ವಾ ರಂಗಸ್ವಾಮಿ ತಕರಾರು?"

"ತಕರಾರು ಇರ್ಲಿ ಬುಡಿ. ಅವ್ರದ್ದೂ ನಮ್ ತಲೆ ಮ್ಯಾಲೇ ಹೋಯ್ತದೆ ನೋಡಿ ಇಲ್ಲಿ, ಗೂಳೂರ್ ಮ್ಯಾಲೆ. ಆಗ ಅದು ಏನ್ ಕೂಗ್ತದೋ ಇವ್ರಿಗೆ ಗೊತ್ತೇ ಆಗಾಕಿಲ್ಲ. ನಮ್ಗೆ ಕೇಳುಸ್ತದೆ. ಅವ್ರದ್ನ ನಾವ್ ಕೇಳಿಸ್ಕಂಡು ಇವ್ರಿಗೆ ಯೋಳನ. ನಮ್ದುನ್ನ ಇವ್ರು ಕೇಳಿಸ್ಕಂಡು ನಮ್ಗೆ ಯೋಳ್ಲಿ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇಷ್ಟು ತಿಂಗಳಿಂದ ಇದು ನಮಗೆ ಹೊಳೆದಿರಲಿಲ್ಲ. ಧ್ರುವದ ಮೇಲೆ ಹಾದುಹೋಗುವ ಉಪಗ್ರಹ ಪ್ರತಿ ಸುತ್ತಿಗೂ ಉತ್ತರದ ತುದಿಗೆ ಬರುತ್ತದೆ. ತುಮಕೂರಿಗೆ ದಿನಕ್ಕೆ ನಾಲ್ಕು ಸಲ ಕಂಡರೆ ಕಿರುನಾಕ್ಕೆ ಅದರ ಎರಡರಷ್ಟು, ಇನ್ನೂ ಹೆಚ್ಚು. ಒಂದೇ ತರಂಗ ಎಂದು ಜಗಳ ಕಾಯುತ್ತಿದ್ದೆವು; ಒಂದೇ ತರಂಗವಾದ್ದರಿಂದಲೇ ಅವರ ಯಂತ್ರ ಬದಲಿಸದೆ ನಮ್ಮ ದನಿ ಹಿಡಿಯಬಹುದಿತ್ತು. ನಮ್ಮ ಯಂತ್ರದಲ್ಲಿ ಅವರ ದನಿಯನ್ನೂ ಹಾಗೆಯೇ. ಇಂಗ್ರಿಡ್‌ಗೆ ಇಂಗ್ಲಿಷಿನಲ್ಲಿ ಹೇಳುವಾಗ ನನ್ನ ಮಾತು ತೊದಲುತ್ತಿತ್ತು.

ಇಂಗ್ರಿಡ್ ನಕ್ಷೆಯ ಹತ್ತಿರ ಹೋಗಿ ರಂಗಸ್ವಾಮಿಯವರ ಪಕ್ಕ ನಿಂತರು. ಗೂಳೂರು ಎಲ್ಲಿ ಬರುತ್ತೆ ಅಂತ ಕೇಳಿದರು. ಅವರು ತೋರಿಸಿದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು. ಆಮೇಲೆ ಫೋನು ತೆಗೆದುಕೊಂಡು ಹೊರಗೆ ಹೋದವರು ಕಾಫಿಯ ಹೊತ್ತು ಮೀರಿದರೂ ಬರಲಿಲ್ಲ. ಕಾಫಿ ಹೊತ್ತು ಮೀರಿತೆಂದರೆ ವಿಷಯ ದೊಡ್ಡದಿದೆ ಅಂತ ನಾನು ಅಷ್ಟರಲ್ಲಿ ಕಲಿತಿದ್ದೆ.

ವಾಪಸ್ ಬಂದು ಬರೆದುಕೊಂಡದ್ದನ್ನು ಓದಿದರು. ಉತ್ತರದ ಮೇಲೆ ನಮ್ಮದು ಅರ್ಧ ಶಕ್ತಿ. ಎರಡೂ ಒಟ್ಟಿಗೆ ಕಿರುನಾದ ಮೇಲಿರುವ ಕೆಲವು ನಿಮಿಷ ನಮ್ಮದು ಪೂರ್ತಿ ಸುಮ್ಮನೆ. ಉಳಿದಂತೆ ಎಲ್ಲಿ ಬೇಕಾದರೂ ಕೂಗಿಕೊಳ್ಳಬಹುದು. ಅವರದನ್ನು ನಾವು ಕೇಳಬೇಕು, ನಮ್ಮದನ್ನು ಅವರು.

"ಆಗಬಹುದಾ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ರಂಗಸ್ವಾಮಿ ಎದೆಯುಬ್ಬಿಸಿ, ಕಿಟಕಿಯ ಪರದೆ ಅಲುಗುವ ಹಾಗೆ ಉಸಿರು ಒಳಕ್ಕೆಳೆದುಕೊಂಡರು.

ಆ ಸಂಜೆ ಇಂಗ್ರಿಡ್ ಮನೆಯಲ್ಲಿ ಊಟ. ಬೇಯಿಸಿದ ಆಲೂಗಡ್ಡೆ, ಅದರ ಮೇಲೆ ಕೆಂಪು ಹಣ್ಣಿನ ಜಾಮು. ಆಲೂಗಡ್ಡೆಗೆ ಜಾಮು ಹಾಕುವುದನ್ನು ಕಂಡು ರಂಗಸ್ವಾಮಿ ತಡೆಯಲಾರದೆ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದರು. ಇಂಗ್ರಿಡ್ ಅದನ್ನು ಜಾಮಿನ ಮೇಲೆಯೇ ಉದುರಿಸಿಕೊಂಡು ತಿಂದು ಚೆನ್ನಾಗಿದೆ ಅಂದರು. ಆಗ ರಂಗಸ್ವಾಮಿಯವರ ಮುಖ ನೋಡಬೇಕಿತ್ತು.

ಗೂಳೂರು

ರಾಕೆಟ್ಟು ಹಾರಿದ ದಿನ ನಾವೆಲ್ಲ ಗೂಳೂರಿನ ಬಯಲಿನ ಆ ಸಣ್ಣ ಕೋಣೆಯಲ್ಲಿದ್ದೆವು. ರಂಗಸ್ವಾಮಿ ಅಷ್ಟರಲ್ಲಿ ನಿವೃತ್ತರಾಗಿದ್ದರು. ಕುಣಿಗಲಿನಿಂದ ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದರು. ಉಪಗ್ರಹ ಬೇರೆಯಾಯಿತು ಅಂತ ಸುದ್ದಿ ಬಂತು, ಅಷ್ಟೇ. ಚೈತ್ರಾ ಲ್ಯಾಪ್‌ಟಾಪಿನ ಮುಂದೆ ಉಗುರು ಕಚ್ಚುತ್ತಾ ಕೂತಿದ್ದಳು. ನಮ್ಮ ಆಕಾಶಕ್ಕೆ ಅದು ಬರಲು ಇನ್ನೂ ಬಹಳ ಹೊತ್ತಿತ್ತು.

ಹನ್ನೊಂದು ಗಂಟೆಯ ಸುಮಾರಿಗೆ ನನ್ನ ಫೋನ್ ಬಡಿದುಕೊಂಡಿತು. ಇಂಗ್ರಿಡ್. ನಮಸ್ಕಾರವೂ ಇಲ್ಲ, ಏನೂ ಇಲ್ಲ. "ಕೇಳಿ" ಅಂದರು. ಫೋನನ್ನು ಸ್ಪೀಕರಿನ ಹತ್ತಿರ ಹಿಡಿದರು ಅಂತ ಕಾಣುತ್ತದೆ. ಮೊದಲು ಮಳೆ ಸುರಿದಂಥ ಸದ್ದು. ಅದರೊಳಗಿನಿಂದ ಕೀಚಲು ದನಿಯೊಂದು, ಎರಡು ಸೆಕೆಂಡು, ಬಂದು ನಿಂತಿತು. ಒಂದು ನಿಮಿಷ ಬಿಟ್ಟು ಮತ್ತೆ ಬಂತು.

ಅವರು ಕಳಿಸಿದ ಫೈಲನ್ನು ಚೈತ್ರಾ ಬಿಡಿಸಿದಳು. ಒಂದೊಂದಾಗಿ ಓದಿದಳು. "ಬ್ಯಾಟರಿ ತುಂಬಿದೆ. ಒಳಗಿನ ಬಿಸಿ ಸರಿಯಾಗಿದೆ. ಆಂಟೆನಾ ಎರಡೂ ಬಿಚ್ಕೊಂಡಿವೆ ಮೇಡಂ." ಆಮೇಲೆ ಯಾರಿಗೂ ಮುಖ ತೋರಿಸದೆ ಗೋಡೆಯ ಕಡೆ ತಿರುಗಿಕೊಂಡಳು.

"ಈಗ ಎಲ್ಲೈತವ್ವ?" ಅಂದರು ರಂಗಸ್ವಾಮಿ.

"ಗ್ರೀನ್‌ಲ್ಯಾಂಡ್ ದಾಟ್ತಾ ಇದೆ ಸಾರ್. ನಮ್ಗೆ ಬರೋದು ಒಂದೂವರೆಗೆ, ಉತ್ತರದ ಕಡೆಯಿಂದ."

ಅವರು ಹೊರಗೆ ಹೋಗಿ, ಆಂಟೆನಾದ ಕಂಬ ಹಿಡಿದು ಅದನ್ನು ಉತ್ತರಕ್ಕೆ ತಿರುಗಿಸಿ, ಪಕ್ಕದ ಕಲ್ಲಿನ ಮೇಲೆ ಕೂತರು. ಇನ್ನೂ ಎರಡು ಗಂಟೆಗಿಂತ ಹೆಚ್ಚು ಇತ್ತು, ಬಿಸಿಲೂ ಜೋರಿತ್ತು. ಒಳಗೆ ಬನ್ನಿ ಅಂತ ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾವೂ ಕುರ್ಚಿ ಎತ್ತಿಕೊಂಡು ಹೊರಗೆ ಹೋದೆವು.